ಮೂವತ್ತು ಮಕ್ಕಳು, ಒಂದೇ ರೀತಿಯ ಮೂವತ್ತು ಗಾಡಿಗಳು: ಪ್ರಾಥಮಿಕ ತರಗತಿಯಲ್ಲಿ ವಿನ್ಯಾಸ ಮತ್ತು ತಂತ್ರಜ್ಞಾನವನ್ನು ಹೇಗೆ ಕಲಿಸಬೇಕು?

ಮೂರನೆಯ ತರಗತಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಎಂಟರಿಂದ ಒಂಬತ್ತು ವರ್ಷದ ಮೂವತ್ತು ಮಕ್ಕಳಿಗೆ ವಾರಕ್ಕೆ ಎರಡು ಅವಧಿ ವಿನ್ಯಾಸ ಮತ್ತು ತಂತ್ರಜ್ಞಾನದ ಪಾಠ ಮಾಡುತ್ತಿದ್ದೇನೆ. ಕಳೆದ ವಾರ ರಟ್ಟಿನ ಗಾಡಿ ಮಾಡಿಸಿದೆ. ಎಲ್ಲರಿಗೂ ಒಂದೇ ಅಳತೆಯ ರಟ್ಟು, ಮೊದಲೇ ಕತ್ತರಿಸಿಟ್ಟ ನಾಲ್ಕು ಚಕ್ರ, ಎರಡು ಬಿದಿರಿನ ಕಡ್ಡಿ ಮತ್ತು ಹಂತಗಳನ್ನು ಬರೆದ ಒಂದು ಹಾಳೆ ಕೊಟ್ಟಿದ್ದೆ. ಅವಧಿ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಮೂವತ್ತು ಗಾಡಿಗಳು ನಿಂತಿದ್ದವು. ಬಣ್ಣವೊಂದನ್ನು ಬಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇರಲಿಲ್ಲ. ನೋಡಿದವರೆಲ್ಲ ಮೆಚ್ಚಿದರು, ನನಗೆ ಮಾತ್ರ ಸಮಾಧಾನವಾಗಲಿಲ್ಲ.

ಕಾರಣ ಒಬ್ಬ ಹುಡುಗ. ಅವನ ಗಾಡಿಯ ಹಿಂದಿನ ಚಕ್ರಗಳು ತಿರುಗುತ್ತಿರಲಿಲ್ಲ. ಅವನು ಗಾಡಿಯನ್ನು ತಲೆಕೆಳಗು ಮಾಡಿ, ಬೆರಳಿನಿಂದ ಚಕ್ರವನ್ನು ತಳ್ಳಿ ನೋಡುತ್ತಿದ್ದ. ಗಂಟೆ ಬಾರಿಸಲು ಐದು ನಿಮಿಷವಷ್ಟೇ ಉಳಿದಿತ್ತು. ನಾನು ಅವನ ಕೈಯಿಂದ ಗಾಡಿಯನ್ನು ತೆಗೆದುಕೊಂಡು, ಕಡ್ಡಿಯನ್ನು ಬಿಡಿಸಿ, ಸರಿಯಾಗಿ ಕೂರಿಸಿ ಹಿಂದಿರುಗಿಸಿದೆ. ಗಾಡಿ ಓಡಿತು. ಹುಡುಗ ಅದನ್ನು ಒಂದು ಸಲ ಓಡಿಸಿ, ಪಕ್ಕಕ್ಕಿಟ್ಟು ಸುಮ್ಮನಾದ. ಇಡೀ ತರಗತಿಯಲ್ಲಿ ನಿಜವಾದ ಪ್ರಶ್ನೆಯೊಂದನ್ನು ಕೈಯಲ್ಲಿ ಹಿಡಿದಿದ್ದವನು ಅವನೊಬ್ಬನೇ, ಅದನ್ನು ನಾನೇ ಕಸಿದುಕೊಂಡೆ ಎಂದು ಆಮೇಲೆ ಅನ್ನಿಸಿತು.

ನನ್ನ ಪ್ರಶ್ನೆ ಇಷ್ಟೆ. ಈ ವಯಸ್ಸಿನ ಮಕ್ಕಳಿಗೆ ಎಷ್ಟನ್ನು ತೋರಿಸಿಕೊಡಬೇಕು, ಎಷ್ಟನ್ನು ಅವರಿಗೇ ಬಿಡಬೇಕು? ಹಾಳೆಯನ್ನು ಕೊಡದಿದ್ದರೆ ಗದ್ದಲವಾಗುತ್ತದೆ, ಕೊಟ್ಟರೆ ನಕಲಾಗುತ್ತದೆ.

ನಿವೃತ್ತ ಮೇಷ್ಟ್ರು

ಮೇಡಂ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಮಗು ಏನನ್ನಾದರೂ ತೀರ್ಮಾನಿಸಿದರೆ ಮಾತ್ರ ಅದು ವಿನ್ಯಾಸ. ರಟ್ಟಿನ ಅಳತೆ, ಚಕ್ರದ ಗಾತ್ರ, ಕಡ್ಡಿ ಕೂರಿಸುವ ಜಾಗ, ಇವೆಲ್ಲವನ್ನೂ ನೀವೇ ತೀರ್ಮಾನಿಸಿದ್ದಿರಿ. ಮಕ್ಕಳಿಗೆ ಉಳಿದದ್ದು ಬಣ್ಣ. ಅವರು ಆ ಒಂದು ವಿಷಯದಲ್ಲಿ ಬೇರೆ ಬೇರೆಯಾಗಿ ನಡೆದುಕೊಂಡಿದ್ದಾರೆ ಎನ್ನುವುದನ್ನು ಗಮನಿಸಿ. ಎಷ್ಟು ಬಿಟ್ಟಿರೋ ಅಷ್ಟನ್ನು ಅವರು ಬಳಸಿಕೊಂಡಿದ್ದಾರೆ.

ಕಿಂಡರ್‌ಗಾರ್ಟನ್ ಪದ್ಧತಿಯನ್ನು ಹುಟ್ಟುಹಾಕಿದ ಫ್ರೊಬೆಲ್ 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಪುಟ್ಟ ಮಕ್ಕಳಿಗಾಗಿ ತಮ್ಮ ಸಂಸ್ಥೆಯನ್ನು ತೆರೆದಾಗ ಸಿದ್ಧಪಡಿಸಿದ ಆಟಿಕೆಗಳಲ್ಲಿ ಎಂಟು ಸಣ್ಣ ಘನಗಳಾಗಿ ಬಿಡಿಸಬಹುದಾದ ಒಂದು ಮರದ ಘನವೂ ಇತ್ತು. ಸಾಮಗ್ರಿ ಅಷ್ಟೇ, ಎಂಟು ತುಂಡು. ಆದರೆ ಆ ಎಂಟರಿಂದ ಕುರ್ಚಿಯೂ ಆಗುತ್ತದೆ, ಮೆಟ್ಟಿಲೂ ಆಗುತ್ತದೆ, ಬಾಗಿಲೂ ಆಗುತ್ತದೆ. ಸಾಮಗ್ರಿಯನ್ನು ಮಿತಗೊಳಿಸಿದರೆ ಗದ್ದಲ ಕಡಿಮೆಯಾಗುತ್ತದೆ, ತೀರ್ಮಾನವನ್ನು ಮಿತಗೊಳಿಸಿದರೆ ಕಲಿಕೆ ಕಡಿಮೆಯಾಗುತ್ತದೆ. ಈ ಎರಡನ್ನೂ ನಾವು ಒಂದೇ ಎಂದು ಭಾವಿಸುತ್ತೇವೆ, ತಪ್ಪುವುದು ಅಲ್ಲಿಯೇ.

ಇಂಗ್ಲೆಂಡಿನಲ್ಲಿ ಈ ವಿಷಯ 1990ರಲ್ಲಿ ರಾಷ್ಟ್ರೀಯ ಪಠ್ಯಕ್ರಮದ ಭಾಗವಾಗಿ ತರಗತಿಗಳಿಗೆ ಬಂತು. 2014ರಿಂದ ಜಾರಿಯಲ್ಲಿರುವ ಅಲ್ಲಿನ ಪಠ್ಯಕ್ರಮ ವಿನ್ಯಾಸ, ತಯಾರಿಕೆ, ಮೌಲ್ಯಮಾಪನ, ತಾಂತ್ರಿಕ ಜ್ಞಾನ ಎಂಬ ನಾಲ್ಕು ಭಾಗಗಳನ್ನು ಹೇಳುತ್ತದೆ. ನಾನು ಕಂಡ ಹೆಚ್ಚಿನ ತರಗತಿಗಳಲ್ಲಿ ತಯಾರಿಕೆಯೊಂದೇ ನಡೆದು, ಉಳಿದ ಮೂರು ಕೊನೆಯ ಹತ್ತು ನಿಮಿಷಕ್ಕೆ ಉಳಿದುಬಿಡುತ್ತವೆ.

ನನ್ನ ಸಲಹೆ ಒಂದೇ. ಮುಂದಿನ ಸಲ "ಗಾಡಿ ಮಾಡಿ" ಎಂದು ಹೇಳುವ ಬದಲು, ಯಾರಿಗಾಗಿ ಎಂದು ಹೇಳಿ. ಒಂದನೆಯ ತರಗತಿಯ ಮಗುವೊಂದು ದಾರ ಕಟ್ಟಿ ಎಳೆದುಕೊಂಡು ಹೋಗುವ ಗಾಡಿ, ಮೂರು ಪುಸ್ತಕ ಹೊರಬಲ್ಲ ಗಾಡಿ, ಇಳಿಜಾರಿನಲ್ಲಿ ಎಲ್ಲಕ್ಕಿಂತ ದೂರ ಹೋಗುವ ಗಾಡಿ. ಉದ್ದೇಶ ಬೇರೆಯಾದರೆ ಗಾಡಿಗಳು ತಾವಾಗಿಯೇ ಬೇರೆಯಾಗುತ್ತವೆ.

ಯಂತ್ರಶಾಲೆ

ನಾನು ಶಿಕ್ಷಕನಲ್ಲ. ವೃತ್ತಿಯಲ್ಲಿ ಯಂತ್ರಭಾಗಗಳನ್ನು ತಯಾರಿಸುವವನು, ಬಿಡುವಿದ್ದಾಗ ಶಾಲೆಗಳಿಗೆ ಹೋಗಿ ಮಕ್ಕಳೊಂದಿಗೆ ಕೆಲಸ ಮಾಡುತ್ತೇನೆ. ಆ ಹುಡುಗನ ತಿರುಗದ ಚಕ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಒಂದು ಇಡೀ ತಿಂಗಳ ಪಾಠ ಆ ಚಕ್ರದಲ್ಲಿದೆ.

ಚಕ್ರವನ್ನು ಪೋಣಿಸುವ ಕಡ್ಡಿಯನ್ನು ನಾವು ಇರುಸು ಎನ್ನುತ್ತೇವೆ. ಗಾಡಿ ಓಡಬೇಕಾದರೆ ಎರಡರಲ್ಲಿ ಒಂದು ಆಗಬೇಕು. ಇರುಸು ಗಾಡಿಗೆ ಭದ್ರವಾಗಿ ಅಂಟಿಕೊಂಡಿದ್ದು ಚಕ್ರ ಅದರ ಮೇಲೆ ಸಡಿಲವಾಗಿ ತಿರುಗಬೇಕು, ಇಲ್ಲವೇ ಚಕ್ರ ಇರುಸಿಗೆ ಭದ್ರವಾಗಿ ಅಂಟಿಕೊಂಡಿದ್ದು ಇರುಸೇ ಗಾಡಿಯ ಕೆಳಗೆ ತಿರುಗಬೇಕು. ಮಕ್ಕಳು ಸಾಮಾನ್ಯವಾಗಿ ಎರಡನ್ನೂ ಅಂಟಿಸಿಬಿಡುತ್ತಾರೆ, ಏಕೆಂದರೆ ಅವರ ಅನುಭವದಲ್ಲಿ ಗಟ್ಟಿಯಾಗಿ ಅಂಟಿಸಿದ್ದು ಒಳ್ಳೆಯ ಕೆಲಸ. ಎಲ್ಲಿ ಗಟ್ಟಿಯಾಗಿರಬೇಕು, ಎಲ್ಲಿ ಸಡಿಲವಾಗಿರಬೇಕು ಎನ್ನುವ ಪ್ರಶ್ನೆ ಅವರಿಗೆ ಮೊದಲ ಸಲ ಎದುರಾಗುವುದು ಇಲ್ಲಿ. ಕಾಗದದ ಸ್ಟ್ರಾ ಒಂದನ್ನು ಗಾಡಿಯ ಕೆಳಗೆ ಅಂಟಿಸಿ ಅದರೊಳಗೆ ಇರುಸನ್ನು ತೂರಿಸುವುದು ಸುಲಭದ ದಾರಿ. ಸ್ಟ್ರಾ ರಟ್ಟಿನ ಅಗಲಕ್ಕಿಂತ ತುಸು ಉದ್ದವಿರಬೇಕು, ಇರುಸು ಸ್ಟ್ರಾಗಿಂತ ಉದ್ದವಿರಬೇಕು. ಹಾಗಿಲ್ಲದಿದ್ದರೆ ಚಕ್ರ ರಟ್ಟಿನ ಅಂಚಿಗೆ ಉಜ್ಜಿ ನಿಂತುಬಿಡುತ್ತದೆ.

ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಎರಡು ಸ್ಟ್ರಾಗಳ ನಡುವಿನ ಅಂತರವನ್ನು ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಅಳೆಯಲು ಹೇಳಿ. ಎರಡೂ ಅಳತೆ ಸಮವಾಗಿಲ್ಲ ಎನ್ನುವುದು ಮಗುವಿಗೇ ಕಾಣುತ್ತದೆ. ಸಮಾನಾಂತರ ರೇಖೆ ಎನ್ನುವ ಮಾತು ಗಣಿತದ ಪುಸ್ತಕದಿಂದ ಇಳಿದು ನೆಲದ ಮೇಲೆ ಓಡುವುದು ಆಗಲೇ.

ಚಕ್ರದ ರಂಧ್ರ ನಡುವಿನಲ್ಲಿ ಇಲ್ಲದಿದ್ದರೆ ಗಾಡಿ ಕುಪ್ಪಳಿಸುತ್ತದೆ. ನಡುಬಿಂದುವನ್ನು ಹುಡುಕಲು ಕೈವಾರ ಬೇಡ. ಚಕ್ರವನ್ನು ತೆಳು ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆದು, ಕತ್ತರಿಸಿ, ಆ ಕಾಗದವನ್ನು ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ ಮಡಿಸಿ ಬಿಚ್ಚಿದರೆ ಎರಡು ಮಡಿಕೆಗಳು ಕೂಡುವ ಜಾಗವೇ ನಡುಬಿಂದು. ಆದರೆ ದಯವಿಟ್ಟು ಇದನ್ನು ಮೊದಲೇ ಹೇಳಿಕೊಡಬೇಡಿ. ಗಾಡಿ ಕುಪ್ಪಳಿಸಲಿ. ಕುಪ್ಪಳಿಸುವ ಗಾಡಿಯನ್ನು ಕೈಯಲ್ಲಿ ಹಿಡಿದ ಮಗುವಿಗೆ ಈ ಮಡಿಕೆಯ ಉಪಾಯ ಬೇಕಾದ ವಸ್ತುವಾಗಿರುತ್ತದೆ, ಅದಕ್ಕೂ ಮುಂಚೆ ಅದು ಇನ್ನೊಂದು ಸೂಚನೆ ಅಷ್ಟೆ. ಇನ್ನೊಂದು ಮಾತು: ನಡು ತಪ್ಪಿದ ಚಕ್ರವನ್ನು ಎಸೆಯಬೇಡಿ. ಅದು ಕ್ಯಾಮ್, ಅಂದರೆ ತಿರುಗುವುದನ್ನು ಏರಿಳಿತವಾಗಿ ಬದಲಿಸುವ ಭಾಗ. ರಟ್ಟಿನ ಡಬ್ಬಿಯೊಳಗೆ ಅದನ್ನು ಕಡ್ಡಿಗೆ ಪೋಣಿಸಿ, ಮೇಲೊಂದು ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸಿದರೆ ಮೇಲಿನ ಹಕ್ಕಿಯೋ ಮೀನೋ ಏರಿ ಇಳಿಯುತ್ತದೆ. ಗಾಡಿಯಲ್ಲಿ ದೋಷವಾಗಿದ್ದದ್ದು ಇಲ್ಲಿ ಉಪಕರಣ. ಎಂಟು ವರ್ಷದ ಮಗುವಿನ ಮುಖದಲ್ಲಿ ಅದು ಹೊಳೆಯುವ ಕ್ಷಣವನ್ನು ನಾನು ಕೆಲವು ಸಲ ಕಂಡಿದ್ದೇನೆ, ಶಾಲೆಗಳಿಗೆ ಮತ್ತೆ ಮತ್ತೆ ಹೋಗುವುದು ಅದಕ್ಕಾಗಿಯೇ.

ಇಬ್ಬರು ಮಕ್ಕಳ ತಾಯಿ

ಪೋಷಕಳಾಗಿ ಒಂದು ವಿನಂತಿ. ಈ ಕೆಲಸವನ್ನು ದಯವಿಟ್ಟು ಮನೆಗೆ ಕಳುಹಿಸಬೇಡಿ. ಮನೆಗೆ ಬಂದರೆ ನಾವೇ ಮಾಡುತ್ತೇವೆ, ಅದೂ ರಾತ್ರಿ ಮಗು ಮಲಗಿದ ಮೇಲೆ. ಮರುದಿನ ಮಗು ಅದನ್ನು ತನ್ನದೆಂದು ಹೇಳಿ ಒಪ್ಪಿಸಬೇಕಾಗುತ್ತದೆ. ನನ್ನ ಮಗಳು ಕಳೆದ ವರ್ಷ, "ಅಮ್ಮಾ, ನಾನು ಮಾಡಿದ್ದು ಚೆನ್ನಾಗಿರಲ್ಲ, ನೀನೇ ಮಾಡು" ಎಂದಳು. ಅಂದಿನಿಂದ ನಾನು ಕೈ ಹಾಕುವುದನ್ನು ನಿಲ್ಲಿಸಿದ್ದೇನೆ, ಆದರೆ ಅವಳಲ್ಲಿ ಆ ನಂಬಿಕೆ ಇನ್ನೂ ಪೂರ್ತಿ ಮರಳಿಲ್ಲ.

ಕೈಕೆಲಸ ಶಿಕ್ಷಕ

ಮೇಷ್ಟ್ರ ಮಾತನ್ನು ಗೌರವದಿಂದ ಓದಿದ್ದೇನೆ, ಆದರೂ ಪೂರ್ತಿ ಒಪ್ಪಲಾರೆ. ಕತ್ತರಿಯನ್ನು ಸರಿಯಾಗಿ ಹಿಡಿಯಲು ಬಾರದ ಮಗುವಿಗೆ "ನಿನಗೆ ಬೇಕಾದ ಆಕಾರ ಮಾಡು" ಎಂದು ಹೇಳುವುದರಿಂದ ಸ್ವಾತಂತ್ರ್ಯ ಸಿಗುವುದಿಲ್ಲ. ಅದು ತನ್ನ ಕೈಗೆ ಸುಲಭವಾದ ಆಕಾರವನ್ನೇ ಆರಿಸಿಕೊಂಡು, ಅದೇ ತನಗೆ ಇಷ್ಟವೆಂದು ಹೇಳುತ್ತದೆ. ಎಷ್ಟೋ ಮಕ್ಕಳ ಮನಸ್ಸಿನಲ್ಲಿರುವ ವಿನ್ಯಾಸ ಕೈಗೆ ಬರುವ ಮೊದಲೇ ಸಾಯುವುದು ಹೀಗೆ.

ಕೈಕೆಲಸವನ್ನು ಶಾಲೆಯಲ್ಲಿ ಗಂಭೀರವಾಗಿ ತೆಗೆದುಕೊಂಡವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಫಿನ್ಲೆಂಡಿನಲ್ಲಿ ಊನೋ ಸಿಗ್ನೇಯಸ್ ಅವರ ಪ್ರಯತ್ನದಿಂದ 1866ರಲ್ಲಿಯೇ ಕೈಕೆಲಸ ಶಾಲೆಯ ಕಡ್ಡಾಯ ವಿಷಯವಾಯಿತು. ಸ್ವೀಡನ್ನಿನ ನೇಸ್‌ನಲ್ಲಿ ಓಟ್ಟೊ ಸಾಲೊಮನ್ ಸರಳದಿಂದ ಕಠಿಣಕ್ಕೆ ಸಾಗುವ ಮಾದರಿಗಳ ಸರಣಿಯನ್ನೇ ರೂಪಿಸಿ, ಅದರ ಮೂಲಕ ಶಿಕ್ಷಕರನ್ನು ತಯಾರು ಮಾಡಿದರು. ಮಾದರಿಯನ್ನು ನೋಡಿ ಮಾಡುವುದರಲ್ಲಿ ಕೇವಲ ನಕಲು ಇಲ್ಲ, ಉಪಕರಣದ ಪರಿಚಯವಿದೆ, ಕೈಗೆ ಕಣ್ಣಿನ ಜೊತೆ ಹೊಂದಾಣಿಕೆಯಿದೆ.

ಚಿಕ್ಕ ಉದಾಹರಣೆ ಕೊಡುತ್ತೇನೆ. ವೃತ್ತವನ್ನು ಕತ್ತರಿಸುವಾಗ ಹೆಚ್ಚಿನ ಮಕ್ಕಳು ಕಾಗದವನ್ನು ಅಲುಗಾಡದಂತೆ ಹಿಡಿದು, ಕತ್ತರಿ ಹಿಡಿದ ಕೈಯನ್ನು ತಿರುಚುತ್ತಾ ಹೋಗುತ್ತಾರೆ. ಮೊಣಕೈ ಮೇಲೇಳುತ್ತದೆ, ಅಂಚು ಹಲ್ಲುಹಲ್ಲಾಗುತ್ತದೆ. ಕತ್ತರಿ ಇದ್ದಲ್ಲೇ ಇರಲಿ, ಇನ್ನೊಂದು ಕೈ ಕಾಗದವನ್ನು ತಿರುಗಿಸಲಿ ಎಂದು ಒಮ್ಮೆ ತೋರಿಸಿದರೆ ಸಾಕು. ಇದನ್ನು ಮಗು ತಾನಾಗಿ ಕಂಡುಕೊಳ್ಳಲಿ ಎಂದು ಕಾಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಎಡಗೈ ಬಳಸುವ ಮಗುವಿಗೆ ಎಡಗೈ ಕತ್ತರಿಯನ್ನೇ ಕೊಡಬೇಕು. ಸಾಮಾನ್ಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಮೇಲಿನ ಅಲಗು ಗೆರೆಯನ್ನೇ ಮರೆಮಾಡುತ್ತದೆ, ಆಮೇಲೆ ನಾವು ಆ ಮಗುವನ್ನು ಒರಟು ಕೈಯವನೆಂದು ಕರೆಯುತ್ತೇವೆ.

ಮೂರನೆಯ ತರಗತಿ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಕೈಕೆಲಸ ಶಿಕ್ಷಕರ ಮಾತು ನನಗೆ ತುಂಬ ನಾಟಿತು, ಏಕೆಂದರೆ ಚಕ್ರಗಳನ್ನು ನಾನೇ ಕತ್ತರಿಸಿಟ್ಟದ್ದು ಅದೇ ಭಯದಿಂದ. ಕೌಶಲವನ್ನು ನೇರವಾಗಿ ಹೇಳಿಕೊಡಬೇಕು, ತೀರ್ಮಾನವನ್ನು ಬಿಟ್ಟುಕೊಡಬೇಕು, ನಾನು ಮಾಡಿದ್ದು ಇದಕ್ಕೆ ಸರಿಯಾಗಿ ಉಲ್ಟಾ ಎಂದು ಈಗ ಅರ್ಥವಾಗುತ್ತಿದೆ.

ಇನ್ನೊಂದು ತೊಡಕಿದೆ. ಮೊದಲು ಚಿತ್ರ ಬರೆಯಿರಿ, ಆಮೇಲೆ ಮಾಡಿರಿ ಎಂದರೆ ಮಕ್ಕಳು ಹೊಗೆ ಬಿಡುವ, ದೀಪ ಹೊಳೆಯುವ, ರೆಕ್ಕೆ ಇರುವ ಗಾಡಿಯನ್ನು ಬರೆಯುತ್ತಾರೆ. ಆಮೇಲೆ ಆ ಹಾಳೆಯನ್ನು ಮಡಿಸಿಟ್ಟು ಬೇರೆಯೇ ಏನನ್ನೋ ಮಾಡುತ್ತಾರೆ. ಚಿತ್ರಕ್ಕೂ ವಸ್ತುವಿಗೂ ಸಂಬಂಧವೇ ಇರುವುದಿಲ್ಲ.

ನಿವೃತ್ತ ಮೇಷ್ಟ್ರು

ಕೈಕೆಲಸ ಶಿಕ್ಷಕರು ನನ್ನ ಮಾತನ್ನು ತಿದ್ದಿದ್ದು ಸರಿಯಾಗಿದೆ, ಒಪ್ಪಿಕೊಳ್ಳುತ್ತೇನೆ.

ಚಿತ್ರದ ವಿಷಯಕ್ಕೆ ಬಂದರೆ, ಮಕ್ಕಳನ್ನು ದೂರಬೇಡಿ ಮೇಡಂ. ರಟ್ಟನ್ನು ಮುಟ್ಟಿ ನೋಡದ ಮಗುವಿಗೆ ರಟ್ಟಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಗೊತ್ತಾಗುವುದು ಹೇಗೆ? ಮೊದಲು ಹತ್ತು ನಿಮಿಷ ಸಾಮಗ್ರಿಯೊಂದಿಗೆ ಆಡಲು ಬಿಡಿ. ಒಳಗೆ ಅಲೆಯಲೆಯಾದ ಕಾಗದವಿರುವ ಪ್ಯಾಕಿಂಗ್ ರಟ್ಟನ್ನು ಅಲೆಗಳ ಗುಂಟ ಮಡಿಸಿದರೆ ಸುಲಭವಾಗಿ ಬಾಗುತ್ತದೆ, ಅಡ್ಡಲಾಗಿ ಮಡಿಸಲು ಹೋದರೆ ಎದುರು ನಿಲ್ಲುತ್ತದೆ. ಇದನ್ನು ಬೆರಳಿನಿಂದ ಅರಿತ ಮಗು, ಪುಸ್ತಕ ಹೊರುವ ಗಾಡಿಯ ತಳದಲ್ಲಿ ಅಲೆಗಳು ಉದ್ದಕ್ಕೆ ಓಡುವಂತೆ ರಟ್ಟನ್ನು ತಿರುಗಿಸಿ ಇಡುತ್ತದೆ. ಅನಂತರ ಬರೆದ ಚಿತ್ರ ಬೇರೆಯದೇ ಆಗಿರುತ್ತದೆ. ಚಿತ್ರದಲ್ಲಿ ಮೂರು ಸಂಗತಿಗಳನ್ನು ಮಾತ್ರ ಕೇಳಿ: ಯಾವ ಸಾಮಗ್ರಿ, ಎಲ್ಲಿ ಎಷ್ಟು ಉದ್ದ, ಯಾವ ಎರಡು ಭಾಗಗಳು ಹೇಗೆ ಕೂಡುತ್ತವೆ. ಅಂದದ ಬಗ್ಗೆ ಮಾತನ್ನೇ ಎತ್ತಬೇಡಿ.

ಒಮ್ಮೆ ಮುಚ್ಚಳವಿರುವ ಡಬ್ಬಿಯನ್ನು ಮಾಡಿಸುತ್ತಿದ್ದೆ. ಒಬ್ಬ ಹುಡುಗಿ ಮುಂಭಾಗವನ್ನು ಬಹಳ ಚೆನ್ನಾಗಿ ಬರೆದಿದ್ದಳು, ಹಿಂಭಾಗ ಎಲ್ಲಿ ಎಂದು ಕೇಳಿದಾಗ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಬರೆಯತೊಡಗಿದಳು. ಅವಳ ಮಟ್ಟಿಗೆ ಅದು ಪೂರ್ತಿ ತರ್ಕಬದ್ಧ. ಖಾಲಿ ಪೊಟ್ಟಣವೊಂದನ್ನು ಕೊಟ್ಟು, ಹರಿಯದಂತೆ ಅಂಟು ಬಿಡಿಸಿ ಚಪ್ಪಟೆಯಾಗಿ ಹರಡಲು ಹೇಳಿದೆ. ಆರು ಮುಖಗಳು ಒಂದೇ ಹಾಳೆಯಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು, ಅಂಚುಗಳಲ್ಲಿ ಅಂಟಿಗೆಂದು ಬಿಟ್ಟ ಸಣ್ಣ ಪಟ್ಟಿಗಳೂ ಇದ್ದವು. ಆ ಪಟ್ಟಿಗಳನ್ನು ಒಂದೊಂದಾಗಿ ಎಣಿಸಿ, "ಇದು ಒಳಗೆ ಅಡಗಿಕೊಂಡಿತ್ತು" ಎಂದಳು. ತಯಾರಾದ ವಸ್ತುವನ್ನು ಬಿಚ್ಚಿ ನೋಡುವುದಕ್ಕೆ ಸಮನಾದ ಪಾಠ ಇನ್ನೊಂದಿಲ್ಲ.

ವಿದ್ಯುತ್ ಕೆಲಸ

ಗಾಡಿಗೆ ಮೋಟಾರು ಅಥವಾ ದೀಪ ಜೋಡಿಸುವ ಹಂತಕ್ಕೆ ಹೋಗುವವರಿಗೆ ಸುರಕ್ಷತೆಯ ಬಗ್ಗೆ ಎರಡು ಮಾತು. ನಾಣ್ಯದ ಆಕಾರದ ಬಟನ್ ಸೆಲ್‌ಗಳನ್ನು ಪ್ರಾಥಮಿಕ ತರಗತಿಗೆ ತರಲೇಬೇಡಿ. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ತೀವ್ರ ಸುಟ್ಟಗಾಯ ಮಾಡಬಲ್ಲದು. ನುಂಗಿರಬಹುದೆಂಬ ಅನುಮಾನವಿದ್ದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮರುಚಾರ್ಜ್ ಮಾಡುವ ಸೆಲ್‌ಗಳೂ ಬೇಡ, ತಂತಿ ನೇರವಾಗಿ ತಾಗಿ ಶಾರ್ಟ್ ಆದರೆ ಹೆಚ್ಚು ವಿದ್ಯುತ್ ಹರಿದು ತಂತಿ ಕೈ ಸುಡುವಷ್ಟು ಬಿಸಿಯಾಗುತ್ತದೆ. ಸಾಧಾರಣ ಜಿಂಕ್-ಕಾರ್ಬನ್ 1.5 ವೋಲ್ಟಿನ ಸೆಲ್ ಒಂದೋ ಎರಡೋ ಸಾಕು. ಗ್ಲೂ ಗನ್ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಕಡಿಮೆ ತಾಪದ್ದೆಂದು ಮಾರುವ ಗನ್ನಿನ ಅಂಟೂ ಚರ್ಮವನ್ನು ಸುಡುವಷ್ಟು ಬಿಸಿಯಿರುತ್ತದೆ, ಅದು ಶಿಕ್ಷಕರ ಕೈಯಲ್ಲೇ ಇರಲಿ.

ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ. ಇದನ್ನು ಮಕ್ಕಳೇ ಕಂಡುಹಿಡಿಯಲಿ. ಖಂಡಿತ ಕಂಡುಹಿಡಿಯುತ್ತಾರೆ.

ಗಣಕ ಶಿಕ್ಷಕಿ

ತಂತ್ರಜ್ಞಾನ ಎಂದ ಕೂಡಲೇ ಕಂಪ್ಯೂಟರ್ ಎಂದು ತಿಳಿಯುವವರು ಹೆಚ್ಚು, ಈ ಚರ್ಚೆ ಚಕ್ರದಿಂದ ಆರಂಭವಾದದ್ದು ನನಗೆ ಸಂತೋಷ ತಂದಿದೆ. ಆದರೆ ಪರದೆಯ ಕೆಲಸವನ್ನು ಇದರಿಂದ ಪೂರ್ತಿ ಬೇರೆಯೆಂದು ನೋಡಬೇಕಿಲ್ಲ. ಮಕ್ಕಳಿಗಾಗಿಯೇ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು 1967ರಲ್ಲಿ ಸೇಮೂರ್ ಪೇಪರ್ಟ್, ವಾಲಿ ಫೊಯರ್‌ಝೈಗ್, ಸಿಂಥಿಯಾ ಸಾಲೊಮನ್ ಮತ್ತು ಸಂಗಡಿಗರು ರೂಪಿಸಿದರು. ಮುಂದೆ ಅದಕ್ಕೆ ಸೇರಿದ, ಆದೇಶದಂತೆ ಚಲಿಸುವ 'ಆಮೆ' ಮೊದಮೊದಲು ನೆಲದ ಮೇಲೆ ಓಡಾಡುವ ನಿಜವಾದ ಯಂತ್ರವೇ ಆಗಿತ್ತು. 2007ರಲ್ಲಿ ಬಂದ ಸ್ಕ್ರ್ಯಾಚ್, ಐದರಿಂದ ಏಳು ವರ್ಷದವರಿಗಾಗಿ 2014ರಲ್ಲಿ ಬಂದ ಸ್ಕ್ರ್ಯಾಚ್ ಜೂನಿಯರ್, ಎರಡೂ ಅದೇ ದಾರಿಯಲ್ಲಿ ನಡೆದವು.

ನಾನು ಮೊದಲ ಪಾಠವನ್ನು ಪರದೆಯಿಲ್ಲದೆ ಮಾಡುತ್ತೇನೆ. ಒಂದು ಮಗು ಆಮೆಯಾಗುತ್ತದೆ, ಇನ್ನೊಂದು ಆದೇಶ ಕೊಡುತ್ತದೆ. "ನಾಲ್ಕು ಹೆಜ್ಜೆ ಮುಂದೆ, ಬಲಕ್ಕೆ ತಿರುಗು" ಎನ್ನುವುದನ್ನು ನಾಲ್ಕು ಸಲ ಹೇಳಿದರೆ ಚೌಕ ಆಗಬೇಕು. ಆಮೆಯಾದ ಮಗು ಎಷ್ಟು ತಿರುಗಬೇಕೆಂದು ತಿಳಿಯದೆ ನಿಂತಾಗ, ಆದೇಶದಲ್ಲಿ ಏನೋ ಬಿಟ್ಟುಹೋಗಿದೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ. ತಿರುಗದ ಚಕ್ರವನ್ನು ಬೆರಳಿನಿಂದ ತಳ್ಳಿ ನೋಡುವುದೂ, ಓಡದ ಪ್ರೋಗ್ರಾಮಿನಲ್ಲಿ ತಪ್ಪಿರುವ ಸಾಲನ್ನು ಹುಡುಕುವುದೂ ಒಂದೇ ಬಗೆಯ ಗಮನ.

ಕೈಕೆಲಸ ಶಿಕ್ಷಕ

ಅಂಕ ಕೊಡುವುದರ ಬಗ್ಗೆ ಯಾರೂ ಹೇಳಿಲ್ಲ. ನಾನು ಮೊದಲ ವಸ್ತುವಿಗೆ ಅಂಕ ಕೊಡುವುದನ್ನು ಬಿಟ್ಟಿದ್ದೇನೆ. ಮೊದಲನೆಯದನ್ನೂ ಎರಡನೆಯದನ್ನೂ ಪಕ್ಕಪಕ್ಕದಲ್ಲಿಟ್ಟು, ಏನನ್ನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ ಎಂದು ಮಗುವನ್ನು ಕೇಳುತ್ತೇನೆ. ಉತ್ತರ ಒಂದು ವಾಕ್ಯವಾದರೂ ಸಾಕು. ಇದಕ್ಕೆ ಎರಡನೆಯ ಸಲ ಮಾಡಲು ಸಮಯ ಬೇಕು. ಹಾಗಾಗಿ ವರ್ಷಕ್ಕೆ ಎಂಟು ವಸ್ತುಗಳ ಬದಲು ನಾಲ್ಕನ್ನು ಮಾತ್ರ ಮಾಡಿಸುತ್ತೇನೆ. ಗೋಡೆಯ ಮೇಲೆ ಪ್ರದರ್ಶಿಸಲು ವಸ್ತುಗಳು ಕಡಿಮೆಯಾದವೆಂದು ಮೇಲಿನವರಿಂದ ಮಾತು ಕೇಳಿದ್ದೂ ಉಂಟು. ಆದರೂ ಹಳೆಯ ಪದ್ಧತಿಗೆ ಹಿಂದಿರುಗಲಾರೆ.

ಮೂರನೆಯ ತರಗತಿ ಶಿಕ್ಷಕಿ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಅದೇ ಗಾಡಿಗಳನ್ನು ಮಕ್ಕಳಿಗೆ ಹಿಂದಿರುಗಿಸಿ, ಒಂದನೆಯ ತರಗತಿಯ ಮಕ್ಕಳು ದಾರ ಕಟ್ಟಿ ಎಳೆಯಲು ಅವುಗಳನ್ನು ಬದಲಾಯಿಸಿ ಎಂದು ಹೇಳಿದೆ. ಹಾಳೆ ಕೊಡಲಿಲ್ಲ. ಮೊದಲ ಅವಧಿಯ ಆರಂಭದಲ್ಲಿ ವೃತ್ತ ಕತ್ತರಿಸುವುದನ್ನು ಮಾತ್ರ ತೋರಿಸಿದೆ. ಗದ್ದಲವಾಯಿತು, ಪಕ್ಕದ ಕೊಠಡಿಯವರು ಬಂದು ನೋಡಿ ಹೋಗುವಷ್ಟು. ಐದು ಗಾಡಿಗಳು ಇನ್ನೂ ಓಡುತ್ತಿಲ್ಲ, ಅವುಗಳಿಗೆ ಇನ್ನೊಂದು ಅವಧಿಯನ್ನು ಇಟ್ಟಿದ್ದೇನೆ.

ಆ ಹುಡುಗ ನಾನು ಸರಿಪಡಿಸಿದ್ದ ಹಿಂದಿನ ಇರುಸನ್ನು ಮೊದಲು ಕಿತ್ತುಹಾಕಿದ. ಪುಟ್ಟ ಮಕ್ಕಳು ಎಳೆದಾಗ ಗಾಡಿ ಮಗುಚದಿರಲಿ ಎಂದು ಅಗಲವಾದ ರಟ್ಟನ್ನು ಆರಿಸಿಕೊಂಡಿದ್ದ. ಸ್ಟ್ರಾ ಹಳೆಯ ಅಳತೆಯಲ್ಲೇ ಇತ್ತು, ಚಕ್ರ ಮತ್ತೆ ಅಂಚಿಗೆ ಉಜ್ಜಿ ನಿಂತಿತು. ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ, ಅದು ಸುಲಭವಾಗಿರಲಿಲ್ಲ. ಸುಮಾರು ಆರೇಳು ನಿಮಿಷ ಅವನು ಗಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಚಕ್ರಕ್ಕೂ ರಟ್ಟಿಗೂ ನಡುವಿನ ಸಂದಿಯನ್ನೇ ನೋಡುತ್ತಿದ್ದ. ಆಮೇಲೆ ನನ್ನ ಬಳಿ ಬಂದು, "ಮಿಸ್, ಇದಕ್ಕಿಂತ ಒಂದು ಸೆಂಟಿಮೀಟರ್ ಉದ್ದದ ಸ್ಟ್ರಾ ಇದೆಯಾ?" ಎಂದು ಕೇಳಿದ. ಸ್ಕೇಲನ್ನು ಜೊತೆಗೇ ತಂದಿದ್ದ.

ಯಂತ್ರಶಾಲೆಯವರೇ, ಕುಪ್ಪಳಿಸುವ ನಾಲ್ಕು ಚಕ್ರಗಳನ್ನು ಎತ್ತಿಟ್ಟಿದ್ದೇನೆ. ಕ್ಯಾಮ್ ಡಬ್ಬಿಯಲ್ಲಿ ಮೇಲಿನ ಕಡ್ಡಿ ಓಲಾಡದೆ ನೇರವಾಗಿ ಏರಿಳಿಯಲು ಏನು ಮಾಡುತ್ತೀರಿ ಎಂದು ದಯವಿಟ್ಟು ತಿಳಿಸಿ.

ಯಂತ್ರಶಾಲೆ

ಡಬ್ಬಿಯ ಮೇಲ್ಭಾಗದಲ್ಲಿ ಸ್ಟ್ರಾದ ತುಂಡೊಂದನ್ನು ನೆಟ್ಟಗೆ ಅಂಟಿಸಿ, ಕಡ್ಡಿ ಅದರೊಳಗಿಂದ ಹಾಯಲಿ. ತುಂಡು ಮೂರು ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ಕಡ್ಡಿ ಓಲಾಡುತ್ತದೆ. ಕಡ್ಡಿಯ ಕೆಳತುದಿಗೆ ಸಣ್ಣ ರಟ್ಟಿನ ಬಿಲ್ಲೆಯೊಂದನ್ನು ಅಂಟಿಸಿದರೆ ಅದು ಕ್ಯಾಮ್‌ನ ಮೇಲಿಂದ ಜಾರುವುದಿಲ್ಲ. ಆ ಹುಡುಗನಿಗೆ ಮಾತ್ರ ಇದನ್ನು ಹೇಳಬೇಡಿ, ಅವನು ಸ್ಕೇಲು ಹಿಡಿದುಕೊಂಡೇ ಬರುತ್ತಾನೆ.